ಹಂದರದೊಳಗಿನ ನಗೆ



ವೈಶಾಖ ಮಾಸ ಬಂದಿತೆಂದರೆ ನಮ್ಮ ಧಾರವಾಡ ಸೀಮೆಯ ಹಳ್ಳಿಗಳಲ್ಲಿ ಹಂದರವಿಲ್ಲದ ಓಣಿ ಅಪರೂಪ. ಇಂತಹ ಒಂದು ಹಂದರದಲ್ಲಿ, ಗರಗದಲ್ಲಿ, ಊಟ ಮುಗಿಸಿ ಎಲೆಯಡಿಕೆ ಹಾಕಿಕೊಳ್ಳುತ್ತ ಕುಳಿತಿದ್ದಾಗ ಹಳೆಯ ಪರಿಚಯದ ಗೃಹಸ್ಥರೊಬ್ಬರು ಹತ್ತಿರ ಬಂದು ಕುಳಿತರು. ಅವರ ಮುಖದಲ್ಲಿ ಚಿಂತೆಯಿತ್ತು. "ಸ್ವಾಮ್ಯಾರ, ಮದುವ್ಯಾಗ ಹುಡುಗೂರ ಚೇಷ್ಟೆ ಇನ್ನ ಪೂರ್ತಿ ಬಂದ್ ಮಾಡೂದಂತ ನಮ್ಮ ಓಣಿ ಹಿರ್ಯಾರು ಮಾತಾಡಾಕ ಹತ್ಯಾರ್ರಿ. ಹಿಂದಿನ ವರ್ಷ ಒಂದು ಚೇಷ್ಟೆಯಿಂದ ಎರಡು ಮನಿ ಬೀಗರು ಮಾರಿ ನೋಡದಂಗ ಆಗ್ಯಾರ. ನೀವೇನಂತೀರಿ?" ಎಂದು ಕೇಳಿದರು. ಆ ಕ್ಷಣದಲ್ಲಿ ನಾನು ಕೊಟ್ಟ ಉತ್ತರ ನನಗೇ ಸಮಾಧಾನ ತರಲಿಲ್ಲ. ಅದನ್ನು ಇಲ್ಲಿ ಸಾವಕಾಶವಾಗಿ ಬರೆಯಬೇಕೆನಿಸಿದೆ.

ಮೊದಲಿಗೆ ಒಂದು ಮಾತು. ನಮ್ಮ ಮದುವೆಗಳಲ್ಲಿ ನಗೆಯೆಂಬುದು ಹೊರಗಿನಿಂದ ನುಗ್ಗಿ ಬಂದದ್ದಲ್ಲ. ಹಿರಿಯರು ಬುದ್ಧಿಪೂರ್ವಕವಾಗಿ ಅದಕ್ಕೆ ಸ್ಥಾನ ಕೊಟ್ಟಿದ್ದಾರೆ. ನಾಲ್ಕು ಮೂಲೆಗೆ ತಂಬಿಗೆಯಿಟ್ಟು ನೂಲು ಸುತ್ತಿ, ವಧೂವರರನ್ನು ನಡುವೆ ಕೂಡ್ರಿಸಿ ನೀರೆರೆಯುವ ಸುರಗಿಯಲ್ಲಿ ಅರಿಸಿನ ಎರಚಾಟವಿದೆ. ಭೂಮದ ಊಟದಲ್ಲಿ ಒಂದೇ ತಾಟಿನೊಳಗೆ ಕೈಯಿಕ್ಕುವ ಮದುಮಕ್ಕಳಿಗೆ ತುತ್ತು ಕೊಡದಂತೆ ಕಾಡುವ ಆಟವಿದೆ. ಗಂಡನ ಹೆಸರನ್ನು ನೇರವಾಗಿ ಹೇಳಲು ನಾಚುವ ಹೆಣ್ಣುಮಗಳು ಅದನ್ನು ಒಡಪಿನಲ್ಲಿ ಮುಚ್ಚಿ ಹೇಳುವ ಜಾಣ್ಮೆಯಿದೆ. ಇನ್ನು ಬೀಗರ ಹಾಡುಗಳ ವಿಷಯ ಕೇಳುವುದೇ ಬೇಡ. ಬೆಳಗಿನಿಂದ "ಬರ್ರಿ ಬೀಗಿತೇರ, ಕುಂಡ್ರಿ ಬೀಗಿತೇರ" ಎಂದು ಉಪಚರಿಸಿದ ಬಾಯಿಗಳೇ ಸಂಜೆಗೆ ಆ ಬೀಗಿತಿಯರ ಮೂಗು, ನಡಿಗೆ, ಜಿಪುಣತನಗಳನ್ನು ರಾಗಬದ್ಧವಾಗಿ ಎತ್ತಾಡುತ್ತವೆ. ಬೈಸಿಕೊಂಡವರು ಸಿಟ್ಟಾಗುವಂತಿಲ್ಲ, ಅವರಿಗೂ ಹಾಡು ಬರುತ್ತದೆ, ಮರುಹಾಡಿನಲ್ಲಿ ತೀರಿಸಿಕೊಳ್ಳುತ್ತಾರೆ.

ಇದರ ಮರ್ಮವೇನು? ನಿನ್ನೆಯವರೆಗೆ ಒಬ್ಬರನ್ನೊಬ್ಬರು ಅರಿಯದ ಎರಡು ಮನೆತನಗಳು ಒಂದೇ ದಿನದಲ್ಲಿ ಬೀಗರಾಗಬೇಕು. ಉಪಚಾರದ ಮಾತಿನಿಂದ ಗೌರವ ಹುಟ್ಟೀತು, ಸಲಿಗೆ ಹುಟ್ಟದು. ಸಲಿಗೆಯಿಲ್ಲದ ಮನೆಗೆ ಹೆಣ್ಣುಮಗಳು ಹೇಗೆ ಹೋದಾಳು? ಒಟ್ಟಿಗೆ ನಕ್ಕವರು ನಾಳೆ ಒಟ್ಟಿಗೆ ಅಳಲೂ ಬಲ್ಲರು ಎಂಬುದನ್ನು ಅಕ್ಷರವರಿಯದ ನಮ್ಮ ಅಜ್ಜಿಯರು ತಿಳಿದಿದ್ದರು.

ಮದುವೆಯ ಚೇಷ್ಟೆಗೆ ಪುರಾಣದ ಆಧಾರವೂ ಉಂಟು. ಹಂಪೆಯ ಹರಿಹರ ಮಹಾಕವಿ 'ಗಿರಿಜಾಕಲ್ಯಾಣ'ವೆಂಬ ಚಂಪೂಕಾವ್ಯವನ್ನೇ ಬರೆದು ಕನ್ನಡಿಗರ ಮನೆಮಾತಾಗಿಸಿದ ಆ ಶಿವಪಾರ್ವತಿಯರ ಮದುವೆಯನ್ನೇ ನೋಡಿರಿ. ಶಿವಪುರಾಣದಲ್ಲಿ ಬರುವ ಪ್ರಸಂಗವಿದು. ಗಿರಿರಾಜನ ಮಡದಿ ಮೇನಾದೇವಿ ಅಳಿಯನನ್ನು ಕಾಣುವ ಆತುರದಿಂದ ನಾರದರೊಡನೆ ಮೇಲುಪ್ಪರಿಗೆಯಲ್ಲಿ ನಿಂತಿದ್ದಾಳೆ. ದಿಬ್ಬಣದ ಮುಂದೆ ಗಂಧರ್ವರು, ದೇವತೆಗಳು ಒಬ್ಬರಿಗಿಂತ ಒಬ್ಬರು ತೇಜಸ್ವಿಗಳಾಗಿ ಬರುತ್ತಿದ್ದಾರೆ. ಪ್ರತಿಯೊಬ್ಬರನ್ನು ಕಂಡಾಗಲೂ "ಇವನೇ ನನ್ನ ಅಳಿಯನೆ?" ಎಂದು ಕೇಳುತ್ತಾಳೆ. ಅಲ್ಲವೆಂದಾಗ, ಇವರಿಗಿಂತ ಮಿಗಿಲಾದವನು ಬರುತ್ತಾನೆಂದು ಹೆಮ್ಮೆ ಪಡುತ್ತಾಳೆ. ಕೊನೆಗೆ ಭೂತಗಣಗಳ ನಡುವೆ, ಎತ್ತಿನ ಮೇಲೆ, ಬೂದಿ ಬಳಿದುಕೊಂಡು, ಹಾವುಗಳನ್ನು ಸುತ್ತಿಕೊಂಡು ಶಿವ ಬರುತ್ತಾನೆ. ನೋಡಿದ ಅತ್ತೆ ಮೂರ್ಛೆ ಹೋಗುತ್ತಾಳೆ. ಇದು ಅತ್ತೆಯ ಹೆಮ್ಮೆಯನ್ನು ಇಳಿಸಲು ಸಾಕ್ಷಾತ್ ಮದುಮಗನೇ ಹೂಡಿದ ಆಟ. ಆದರೆ ಕಥೆ ಅಲ್ಲಿಗೆ ನಿಲ್ಲುವುದಿಲ್ಲ. ಅತ್ತೆಯ ದುಃಖವನ್ನು ಕಂಡು ಶಿವನು ತಾನೇ ಪರಮಸುಂದರ ರೂಪದಿಂದ ಅವಳೆದುರು ನಿಲ್ಲುತ್ತಾನೆ. ಗಂಟು ಹಾಕಿದವನೇ ಗಂಟು ಬಿಚ್ಚಿದ. ಈ ಮಾತನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ನಾನು ಮುಂದೆ ಹೇಳಲಿರುವ ಘಟನೆಗೆ ಇದೇ ಕೀಲಿಕೈ.

ಅದು 1984ರ ಬೇಸಿಗೆ. ನಾನಾಗ ಮಠದಲ್ಲಿದ್ದು ಶಾಸ್ತ್ರಾಭ್ಯಾಸ ಮಾಡುತ್ತಿದ್ದ ಇಪ್ಪತ್ತೆರಡರ ತರುಣ. ಗರಗದ ಒಂದು ರೈತ ಮನೆತನದ ಮದುವೆಗೆ ನನ್ನ ಗುರುಗಳಾದ ವೃದ್ಧ ಅಯ್ಯನವರ ಜೊತೆ, ಮಂತ್ರ ಹೇಳಲು ಮತ್ತು ಪೂಜೆಯ ಸಾಮಗ್ರಿ ಹೊಂದಿಸಿಕೊಡಲು ಹೋಗಿದ್ದೆ. ಗರಗವೆಂದರೆ ಎರಡು ಕಾರಣಕ್ಕೆ ನಾಡಿಗೆ ಪರಿಚಿತವಾದ ಊರು. ಒಂದು, ಕಲ್ಮಠದ ಮಡಿವಾಳೇಶ್ವರರ ಸನ್ನಿಧಿ. ಇನ್ನೊಂದು, 1954ರಲ್ಲಿ ಸ್ಥಾಪನೆಯಾದ ಧಾರವಾಡ ತಾಲೂಕು ಗರಗ ಕ್ಷೇತ್ರೀಯ ಸೇವಾ ಸಂಘದ ಖಾದಿ; ರಾಷ್ಟ್ರಧ್ವಜಕ್ಕೆ ಬೇಕಾಗುವ ಬಟ್ಟೆಯನ್ನು ನೇಯ್ದ ಕೀರ್ತಿ ಈ ಊರಿನದು. ಮದುಮಗಳ ತಾಯಿ ಚರಕದಲ್ಲಿ ನೂಲುವ ಕಾಯಕದವಳು. ತಂದೆಗೆ ಸ್ವಲ್ಪ ಹೊಲ, ಒಂದು ಜೋಡಿ ಬಿಳಿಯ ಎತ್ತು. ಎತ್ತುಗಳನ್ನು ಆತ ಮಕ್ಕಳಂತೆ ಸಾಕಿದ್ದ.

ಮದುವೆಯ ಹಿಂದಿನ ರಾತ್ರಿಯೇ ಚೇಷ್ಟೆಗೆ ಆರಂಭವಾಯಿತು. ಗಂಡಿನ ಕಡೆಯ ಇಬ್ಬರು ಸ್ಥೂಲಕಾಯದ ಹಿರಿಯರು ಅಂಗಳದಲ್ಲಿ ಕೌದಿ ಹಾಸಿ ಗೊರಕೆ ಹೊಡೆಯುತ್ತಿದ್ದರು. ಹೆಣ್ಣಿನ ಕಡೆಯ ಹುಡುಗಿಯರು ಸೂಜಿ ದಾರ ತಂದು ಒಬ್ಬರ ಧೋತರದ ಅಂಚನ್ನು ಇನ್ನೊಬ್ಬರ ಧೋತರಕ್ಕೂ, ಇಬ್ಬರದನ್ನೂ ಸೇರಿಸಿ ಕೌದಿಗೂ ಹೊಲಿದುಬಿಟ್ಟರು. ನಸುಕಿನಲ್ಲಿ ಸುರಗಿಗೆ ಕರೆ ಬಂದಾಗ ಇಬ್ಬರೂ ಒಮ್ಮೆಲೇ ಎದ್ದರು, ಒಮ್ಮೆಲೇ ಬಿದ್ದರು. ಒಬ್ಬರು ಪೂರ್ವಕ್ಕೆ ಎಳೆದರೆ ಇನ್ನೊಬ್ಬರು ಪಶ್ಚಿಮಕ್ಕೆ ಎಳೆಯುವರು. "ಏ ಮಾವಾ, ನನ್ನ ಧೋತರ ಬಿಡೋ" ಎಂದು ಒಬ್ಬರು ಕೂಗಿದರೆ, "ನೀ ಮೊದಲ ನನ್ನ ಕೌದಿ ಬಿಡು" ಎಂದು ಇನ್ನೊಬ್ಬರು. ಕತ್ತರಿ ತಂದು ಬಿಡಿಸುವವರೆಗೆ ಓಣಿಗೆ ಓಣಿಯೇ ನಕ್ಕಿತು. ಬಿದ್ದ ಇಬ್ಬರೂ ನಕ್ಕರು. ಬೆಳಿಗ್ಗೆ ಉಪಾಹಾರದ ವೇಳೆಗೆ ಗಂಡಿನ ಕಡೆಯವರು ಮೆಣಸಿನಕಾಯಿ ಭಜಿಯೊಳಗೆ ಅರಳೆ ತುಂಬಿ ಕರಿಸಿ ಲೆಕ್ಕ ಚುಕ್ತಾ ಮಾಡಿದರು.

ಅಕ್ಕಿಕಾಳಿಗೆ 12 ಗಂಟೆ 27 ನಿಮಿಷದ ಮುಹೂರ್ತ. ಮದುಮಗ ಮಡಿವಾಳೇಶ್ವರರ ದರ್ಶನ ಮಾಡಿಕೊಂಡು, ಬಾಸಿಂಗ ಕಟ್ಟಿಕೊಂಡು, ಸಿಂಗರಿಸಿದ ಚಕ್ಕಡಿಯಲ್ಲಿ ಹಂದರಕ್ಕೆ ಬರಬೇಕು. ಚಕ್ಕಡಿಗೆ ಹೂಡಿದ್ದು ಮದುಮಗಳ ತಂದೆಯ ಅದೇ ಬಿಳಿಯ ಜೋಡಿ. ಬೆನ್ನಿಗೆ ಜೂಲ, ಕೊಂಬಿಗೆ ಕೋಡಣಸು, ಕೊರಳಿಗೆ ಗೆಜ್ಜೆಸರ. ಹಲಗೆ, ಸನಾದಿಗಳ ಮೇಳ ಮುಂದೆ ಸಾಗಿತ್ತು. ಗಂಡಿನ ಕಡೆಯ ನಾಲ್ಕಾರು ಹುಡುಗರು ಹಿಂದಿನಿಂದ ಬರುತ್ತಿದ್ದರು. ಅವರಲ್ಲೊಬ್ಬ ನನ್ನ ಬಳಿಗೆ ಬಂದು, "ಸ್ವಾಮ್ಯಾರ, ಕರ್ಪೂರ ಹಚ್ಚೂದೈತಿ, ಕಡ್ಡಿಪೆಟ್ಟಿಗಿ ಕೊಡ್ರಿ" ಎಂದ. ಅವನ ಜೇಬಿನಿಂದ ಪಟಾಕಿಯ ಸರ ಹೊರಗೆ ಇಣುಕುತ್ತಿದ್ದುದನ್ನು ನಾನು ನೋಡಿದೆ. ನೋಡಿಯೂ ನಕ್ಕು ಕೊಟ್ಟೆ. ನನಗೂ ಇಪ್ಪತ್ತೆರಡು ವರ್ಷ.

ಹಂದರ ಇನ್ನು ನೂರು ಹೆಜ್ಜೆಯಿರುವಾಗ ಚಕ್ಕಡಿಯ ಹಿಂದೆಯೇ ಸರ ಸಿಡಿಯಿತು. ಎತ್ತುಗಳು ಕಿವಿ ನಿಮಿರಿಸಿ, ಬಾಲವೆತ್ತಿ ಹಾರಿದವು. ಮೇಳದವರು ಎಡಬಲಕ್ಕೆ ಚದುರಿದರು; ಸನಾದಿಯವನು ಊದುವುದನ್ನು ನಿಲ್ಲಿಸದೆಯೇ ಕಟ್ಟೆ ಏರಿದ. ಚಕ್ಕಡಿ ಹಂದರದ ಬಾಗಿಲನ್ನು ದಾಟಿ ಮುಂದೆ ಹೋಯಿತು. ಆರತಿ ಹಿಡಿದು ನಿಂತಿದ್ದ ಹೆಣ್ಣುಮಕ್ಕಳು ಆರತಿ ಎತ್ತುವಷ್ಟರಲ್ಲಿ ಮದುಮಗ ಕಣ್ಮರೆ. ಓಣಿಯ ತಿರುವಿನಲ್ಲಿ ಬೇವಿನ ಟೊಂಗೆಯೊಂದು ಅವನ ಬಾಸಿಂಗವನ್ನು ಕಿತ್ತುಕೊಂಡಿತು. ಎತ್ತುಗಳು ತಮಗೆ ಗೊತ್ತಿದ್ದ ಒಂದೇ ಆಶ್ರಯಕ್ಕೆ, ತಮ್ಮ ಯಜಮಾನನ ಹಿತ್ತಲದ ಬಣವೆಗೆ ನುಗ್ಗಿ ನಿಂತವು. ಮದುಮಗ ಹಾರಿ ಹುಲ್ಲಿನೊಳಗೆ ಬಿದ್ದ. ಅವನ ಎರಡು ಕಾಲುಗಳಷ್ಟೇ ಹೊರಗೆ ಕಾಣುತ್ತಿದ್ದವು.

ಊರೆಲ್ಲ ಅತ್ತ ಓಡಿದ್ದರಿಂದ ಹಂದರ ಬರಿದಾಯಿತು. ಮರದ ಮೇಲಿನಿಂದ ಬೆಳಗಿನಿಂದಲೇ ನೋಡುತ್ತಿದ್ದ ಕರಿಮುಖದ ಮುಸುವಗಳಿಗೆ ಆಮಂತ್ರಣ ಬೇಕಾಗಲಿಲ್ಲ. ಕಂಬಕ್ಕೆ ಕಟ್ಟಿದ ಬಾಳೆಗೊನೆ ನೋಡನೋಡುತ್ತ ಬೋಳಾಯಿತು. ಒಂದು ಮರಿ ಮುಸುವ ಪಂಚಕಳಶದ ಬಳಿ ಕುಳಿತು ವೀಳ್ಯದೆಲೆಗಳನ್ನು ಒಂದೊಂದಾಗಿ ಎತ್ತಿ ತಿಂದು, ತೆಂಗಿನಕಾಯಿಯನ್ನು ಮೂಸಿ ನೋಡಿ ಉರುಳಿಸಿತು. ಅಳಿಯನಿಗೆ ಕೊಡಲೆಂದು ಹಿತ್ತಾಳೆಯ ತಾಟಿನಲ್ಲಿ ಹಣ್ಣಿನ ಸಂಗಡ ಇಟ್ಟಿದ್ದ ಜರಿಯ ರುಮಾಲು ಹಣ್ಣಿನೊಡನೆ ಮಾಳಿಗೆ ಸೇರಿತು. ಯಾರದೋ ಮನೆಯ ಆಡು ಬಂದು ಒಂದು ಹೂಮಾಲೆಯನ್ನು ಪೂರ್ತಿ ಮೆಂದು, ಎರಡನೆಯದಕ್ಕೆ ಬಾಯಿ ಹಾಕಿತ್ತು. ಹಂದರದಲ್ಲಿ ಉಳಿದಿದ್ದವರು ನಮ್ಮ ವೃದ್ಧ ಗುರುಗಳು ಮತ್ತು ಗಂಡಿನ ಅಜ್ಜಿ, ಇಬ್ಬರೇ. ಗುರುಗಳು ಕೋಲೆತ್ತಿ ಗದರಿಸಿದರೆ ಮುಸುವವೂ ಹಲ್ಲು ಕಿರಿದು ಗದರಿಸುತ್ತಿತ್ತು. ಅಜ್ಜಿ ಮಾತ್ರ ಹೊಟ್ಟೆ ಹಿಡಿದುಕೊಂಡು ನಗುತ್ತ, "ಇರಲಿ ಬಿಡ್ರಿ ಅಯ್ಯಾರ, ಅವೂ ನಮ್ಮ ಬೀಗರ" ಎಂದಳು.

ಇಲ್ಲಿಯವರೆಗೆ ಎಲ್ಲವೂ ನಗೆಯೇ. ಬಣವೆಯಿಂದ ಮದುಮಗನನ್ನು ಎಳೆದು ತೆಗೆದಾಗ ಅವನ ತಲೆಯ ತುಂಬ ಹುಲ್ಲು, ಅವನೂ ನಕ್ಕ. ಆದರೆ ಚಕ್ಕಡಿಯ ಮುಂದೆ ಒಬ್ಬ ನಗುತ್ತಿರಲಿಲ್ಲ. ಮದುಮಗಳ ತಂದೆ ಬಲಗಡೆಯ ಎತ್ತಿನ ಮುಂಗಾಲನ್ನು ಎರಡು ಕೈಯಲ್ಲಿ ಹಿಡಿದುಕೊಂಡು ನೆಲಕ್ಕೆ ಕುಳಿತಿದ್ದ. ಹಿತ್ತಲದ ಕಲ್ಲಿನ ಒಡ್ಡಿಗೆ ಬಡಿದು ಮೊಣಕಾಲಿನ ಕೆಳಗೆ ಆಳವಾಗಿ ಹರಿದು ರಕ್ತ ಸುರಿಯುತ್ತಿತ್ತು. ಎತ್ತು ಆ ಕಾಲನ್ನು ಊರುತ್ತಿರಲಿಲ್ಲ.

ಆ ಜೋಡಿಯನ್ನು ಆತ ಆಗಲೇ ಮಾರಿದ್ದನೆಂಬುದು ಅನೇಕರಿಗೆ ಗೊತ್ತಿರಲಿಲ್ಲ. ಸಂಚಕಾರ ಪಡೆದು, ಮದುವೆ ಮುಗಿದ ಮರುದಿನ ಎತ್ತು ಕೊಟ್ಟು ಉಳಿದ ಹಣ ತರುವುದೆಂದು ಮಾತಾಗಿತ್ತು. ಅದರಿಂದ ಗಂಡಿನವರಿಗೆ ಕೊಡಬೇಕಾದ 2,000 ರೂಪಾಯಿ ಬಾಕಿ ತೀರಬೇಕಿತ್ತು. ವರದಕ್ಷಿಣೆಯನ್ನು ಕೊಡುವುದೂ ತೆಗೆದುಕೊಳ್ಳುವುದೂ ಅಪರಾಧವೆಂದು 1961ರಲ್ಲಿಯೇ ಕಾಯಿದೆಯಾಗಿದ್ದರೂ ಅದಕ್ಕೆ 'ಉಡುಗೊರೆ' ಎಂಬ ಹೆಸರಿಟ್ಟು ನಮ್ಮವರು ನಡೆಸಿಕೊಂಡು ಬಂದಿದ್ದರು. ಕುಂಟುವ ಎತ್ತನ್ನು ಯಾರು ಕೊಂಡಾರು? ಸುದ್ದಿ ಹಂದರಕ್ಕೆ ತಲುಪಿತು. ಗಂಡಿನ ಕಡೆಯ ಹಿರಿಯರೊಬ್ಬರು ಗಂಟಲು ಸರಿಪಡಿಸಿಕೊಂಡು, "ಹಂಗಾರ ಬಾಕಿದ್ದು ಹೆಂಗ? ಅಕ್ಕಿಕಾಳು ಬೀಳೂಕಿಂತ ಮೊದಲ ಒಂದು ಮಾತ ಆಗಲಿ" ಎಂದರು. ಒಂದು ಗಳಿಗೆಯ ಹಿಂದೆ ನಕ್ಕಿದ್ದ ಹಂದರ ಮೌನವಾಯಿತು. ಒಳಗೆ ಬಾಗಿಲ ಸಂದಿಯಲ್ಲಿ ಮದುಮಗಳು ನಿಂತಿದ್ದಳು. ಸೆರಗಿನಿಂದ ಕಣ್ಣೊರಸಿಕೊಳ್ಳುತ್ತಿದ್ದ ಅವಳ ತಾಯಿಯನ್ನು ನಾನು ನೋಡಿದೆ. ಪಟಾಕಿ ಹಚ್ಚಿದ ಹುಡುಗರು ಕಂಬದ ಮರೆಗೆ ಸರಿದಿದ್ದರು. ನಾನೂ ಕಳಶ ಜೋಡಿಸುವ ನೆವದಿಂದ ತಲೆ ಬಗ್ಗಿಸಿದೆ.

ಆಗ ಎದ್ದು ನಿಂತವಳು ಆ ಅಜ್ಜಿ. ಹಿಂದಿನ ಸಂಜೆ ಬೀಗರ ಹಾಡಿನಲ್ಲಿ ಅವಳ ಬೊಚ್ಚುಬಾಯಿಯನ್ನು ಹೆಣ್ಣಿನ ಕಡೆಯವರು ಎತ್ತಾಡಿದ್ದರು. ಅವಳು ಅದಕ್ಕಿಂತ ಜೋರಾಗಿ ತಿರುಗಿ ಹಾಡಿದ್ದಳು. ಈಗ ಹಾಡಲಿಲ್ಲ. "ಬೆಂಕಿ ಹಚ್ಚಿದವ್ರು ನಮ್ಮ ಹುಡುಗೂರು. ಎತ್ತು ಅವರದು. ಲೆಕ್ಕಾ ಮಾಡೂದಾದ್ರ ನಾವ ಅವರಿಗೆ ಕೊಡೂದೈತಿ. ಬಾಕಿ ಮಾತ ಯಾರ ಎತ್ತತಾರ, ಅವರು ಮೊದಲ ಹೋಗಿ ಆ ಎತ್ತಿನ ಕಾಲ ಹಿಡೀರಿ" ಎಂದಳು. ಯಾರೂ ಮಾತಾಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಮದುಮಗನ ತಂದೆ ಹೆಗಲ ಮೇಲಿನ ಶಲ್ಯವನ್ನು ತೆಗೆದುಕೊಂಡು ಹಿತ್ತಲಿಗೆ ಹೋದರು. ಅವರು ಎತ್ತಿನ ಕಾಲಿಗೆ ಅದನ್ನು ಸುತ್ತಿ, ಬೀಗರ ಕೈ ಹಿಡಿದು ಕರೆದುಕೊಂಡು ಬಂದದ್ದನ್ನು ಎಲ್ಲರೂ ಕಂಡರು. ಬಾಕಿಯ ಮಾತು ಮತ್ತೆ ಏಳಲಿಲ್ಲ.

ಇಷ್ಟಾಗುವಾಗ ಮುಹೂರ್ತ ಮೀರಿ ಎರಡು ತಾಸು. ಒಬ್ಬರು ಅದನ್ನೇ ಹಿಡಿದು ಅಪಶಕುನವೆಂದರು. ಗುರುಗಳು ಶಾಂತವಾಗಿ, "ಶರಣರ ಮತದಲ್ಲಿ ಗಳಿಗೆಬಟ್ಟಲು ದೊಡ್ಡದಲ್ಲ. ನಮ್ಮವರೆಲ್ಲ ಒಪ್ಪಿ ಕೂಡಿದ ಹೊತ್ತೇ ಶುಭವೆಂದು ಬಸವಣ್ಣನವರು ತಿಳಿಸಿಕೊಟ್ಟಿದ್ದಾರೆ. ಆ ಒಪ್ಪಿಗೆ 12 ಗಂಟೆ 27 ನಿಮಿಷಕ್ಕೆ ಇರಲಿಲ್ಲ, ಈಗ ಇದೆ" ಎಂದರು. ಅಕ್ಕಿಕಾಳು ಬಿದ್ದವು. ಸಂಜೆ ಒಡಪು ಹೇಳೆಂದು ಹೆಣ್ಣುಮಕ್ಕಳು ಗಂಟುಬಿದ್ದಾಗ ಮದುಮಗಳು ನಾಚುತ್ತಲೇ ಹೇಳಿದಳು: "ಬೇವಿನ ಗಿಡಕ್ಕ ಬಾಸಿಂಗ, ಮುಸುವಗ ಜರಿ ರುಮಾಲ; ಬಣವಿಯೊಳಗ ನನಗ ಸಿಕ್ಕವರು..." ಎಂದು ಗಂಡನ ಹೆಸರು ಹೇಳಿದಳು. ಆ ಹೆಸರನ್ನು ನಾನಿಲ್ಲಿ ಬರೆಯುವಂತಿಲ್ಲ. ಹಂದರ ಮತ್ತೊಮ್ಮೆ ನಕ್ಕಿತು. ಈ ಸಲ ಅವಳ ತಂದೆಯೂ ನಕ್ಕ.

ನಾನು ನಗಲಾರದೆ ಹೋದೆ. ಎರಡು ದಿನ ನಿದ್ರೆ ಬರಲಿಲ್ಲ. ಮೂರನೆಯ ದಿನ ಗುರುಗಳಿಗೆ ಎಲ್ಲವನ್ನೂ ಅರಿಕೆ ಮಾಡಿಕೊಂಡೆ. "ನನ್ನೆದುರು ಹೇಳಿದರೇನು ಬಂತು? ಹೇಳಬೇಕಾದವರಿಗೆ ಹೇಳು" ಎಂದಷ್ಟೇ ಅಂದರು. ಗರಗಕ್ಕೆ ಹೋಗಿ ಆ ರೈತನೆದುರು ನಿಂತು, ಕಡ್ಡಿಪೆಟ್ಟಿಗೆ ಕೊಟ್ಟವನು ನಾನೇ, ಪಟಾಕಿ ಕಂಡೂ ಕೊಟ್ಟೆ ಎಂದೆ. ಆತ ಬಹಳ ಹೊತ್ತು ನನ್ನನ್ನು ನೋಡಿದ. ಬೈಯಲಿಲ್ಲ. "ಬರ್ರಿ ಸ್ವಾಮ್ಯಾರ" ಎಂದು ಕೊಟ್ಟಿಗೆಗೆ ಕರೆದೊಯ್ದು, ಬೇವಿನೆಲೆ ಕುದಿಸಿದ ನೀರಿನ ಗಡಿಗೆಯನ್ನು ಮುಂದಿಟ್ಟು, "ಗಾಯಾ ತೊಳೀರಿ" ಎಂದ. ಎಂಟು ದಿನ ಹೋಗಿ ತೊಳೆದೆ, ಅರಿಸಿನ ಹಚ್ಚಿದೆ. ಮೊದಲೆರಡು ದಿನ ಎತ್ತು ನನ್ನ ಹೆಜ್ಜೆಯ ಸದ್ದಿಗೇ ಬೆದರುತ್ತಿತ್ತು. "ಹಿಂದಿಂದ ಬರಬ್ಯಾಡ್ರಿ, ಅದಕ್ಕ ಕಾಣಂಗಿಲ್ಲ. ಮುಂದ ನಿಂತು ದನಿ ಮಾಡ್ರಿ" ಎಂದು ಆತ ಕಲಿಸಿದ.

ಅದು ಅನುಭವದ ಮಾತು. ಶಾಸ್ತ್ರವೂ ಹಾಗೆಯೇ ಹೇಳುತ್ತದೆ. ಎತ್ತಿನ ಕಣ್ಣುಗಳು ತಲೆಯ ಎರಡು ಪಕ್ಕಕ್ಕಿರುವುದರಿಂದ ಅದು ಸುಮಾರು 330 ಡಿಗ್ರಿಗಳಷ್ಟು ಸುತ್ತನ್ನು ತಲೆ ತಿರುಗಿಸದೆ ಕಾಣಬಲ್ಲದು. ಕಾಣದಿರುವುದು ನೇರವಾಗಿ ಬೆನ್ನ ಹಿಂದಿನ ಭಾಗ. ಮನುಷ್ಯನಿಗೆ ಕೇಳದ ತೀಕ್ಷ್ಣ ಸ್ವರಗಳೂ ಅದಕ್ಕೆ ಕೇಳುತ್ತವೆ. ಕಾಣದ ಕಡೆಯಿಂದ, ತಾಳಲಾರದ ಸದ್ದು ಬಂದಾಗ ಓಡುವುದೊಂದೇ ಅದಕ್ಕಿರುವ ದಾರಿ. ಅದನ್ನು ಮೂಕಪ್ರಾಣಿಯ ತುಂಟತನವೆಂದು ನಾವು ನಗುತ್ತೇವೆ. ಮುಸುವಗಳದು, ಆಡಿನದು ತುಂಟತನವಿರಬಹುದು. ಅವು ತಮ್ಮ ಹೊಟ್ಟೆಗಾಗಿ, ತಮ್ಮ ಇಚ್ಛೆಯಿಂದ ಬಂದವು. ಎತ್ತಿನದು ಭಯ. ಆ ವರ್ಷದ ಕಾರಹುಣ್ಣಿಮೆಗೆ ಊರ ಎತ್ತುಗಳೆಲ್ಲ ಕರಿ ಹರಿಯಲು ಓಡಿದಾಗ, ಈ ಎತ್ತು ಕೊಂಬಿಗೆ ಬಣ್ಣ ಹಚ್ಚಿಸಿಕೊಂಡು ಮನೆಯ ಬಾಗಿಲಲ್ಲೇ ನಿಂತಿತ್ತು. ಮುಂದೆ ಗುಣವಾಯಿತು, ಆದರೆ ಸ್ವಲ್ಪ ಕುಂಟು ಉಳಿಯಿತು. ಅದು ಮಾರಾಟವಾಗದೆ ಆ ಮನೆಯಲ್ಲಿಯೇ ಮುಪ್ಪಾಯಿತು.

ಈಗ ಆ ಗೃಹಸ್ಥರ ಪ್ರಶ್ನೆಗೆ ಬರುತ್ತೇನೆ. ಚೇಷ್ಟೆಯನ್ನು ಬಂದ್ ಮಾಡಬೇಕೆ? ಬೇಡ. ನಗೆಯಿಲ್ಲದ ಹಂದರ ಬರಿಯ ವ್ಯವಹಾರದ ಕಟ್ಟೆಯಾದೀತು. ಆದರೆ ಚೇಷ್ಟೆಗೊಂದು ಒರೆಗಲ್ಲು ಬೇಕು. ಯಾರ ಮೇಲೆ ನಗುತ್ತೇವೋ ಅವರು ತಿರುಗಿ ನಗಿಸಬಲ್ಲವರಾಗಿರಬೇಕು. ಧೋತರ ಹೊಲಿಸಿಕೊಂಡವರು ಭಜಿಯಲ್ಲಿ ಅರಳೆ ತುಂಬಿಸಬಲ್ಲರು. ಅದು ಸಮಾನರ ಆಟ. ಸಾಲದ ಭಾರದಲ್ಲಿ ಕೈಮುಗಿದು ನಿಂತ ಹೆಣ್ಣಿನ ತಂದೆ ತಿರುಗಿ ನಗಿಸಲಾರ. ಅಪರಿಚಿತ ಮನೆಗೆ ಹೊರಟ ಮದುಮಗಳು ತಿರುಗಿ ಬೈಯಲಾರಳು. ಎತ್ತು, ಕುದುರೆ, ನಾಯಿಗಳಂತೂ ನಮ್ಮ ಆಟದ ಕರಾರಿಗೆ ಒಪ್ಪಿಗೆಯನ್ನೇ ಕೊಟ್ಟಿಲ್ಲ. ಧರ್ಮದ ಬೇರನ್ನು ದಯೆಯಲ್ಲಿ ಕಂಡ ಬಸವಣ್ಣನವರು ಆ ದಯೆಯನ್ನು ಮನುಷ್ಯರಿಗಷ್ಟೇ ಮೀಸಲಿಡಲಿಲ್ಲ, ಸಕಲ ಪ್ರಾಣಿಗಳಿಗೂ ಚಾಚಿದರು.

ಇಂದು ಚಕ್ಕಡಿ ಕಡಿಮೆಯಾಗಿದೆ; ಡಿಜೆ ಬಂದಿದೆ. ರಾತ್ರಿ 10ರಿಂದ ಬೆಳಗಿನ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಕೂಡದೆಂದು 2000ನೆಯ ಇಸವಿಯ ನಿಯಮಗಳು ಹೇಳಿದರೂ ನಮ್ಮ ಓಣಿಗಳಲ್ಲಿ ಕೇಳುವವರು ಕಡಿಮೆ. ಕೊಟ್ಟಿಗೆಯಲ್ಲಿ ಕಟ್ಟಿಹಾಕಿದ ದನಕ್ಕೆ ಓಡಿಹೋಗುವ ದಾರಿಯೂ ಇಲ್ಲ. ಇನ್ನೊಂದು ಹೊಸ ಚೇಷ್ಟೆಯಿದೆ: ಬಿದ್ದವರನ್ನು, ಅತ್ತವರನ್ನು ಮೊಬೈಲಿನಲ್ಲಿ ಚಿತ್ರೀಕರಿಸಿ ಊರೂರಿಗೆ ಹಂಚುವುದು. ಅಂದಿನ ನಗೆ ಹಂದರದೊಳಗೆ ಹುಟ್ಟಿ ಹಂದರದೊಡನೆ ಬಿಚ್ಚಿಹೋಗುತ್ತಿತ್ತು. ಇಂದಿನದು ಬಿಚ್ಚದ ಗಂಟು.

ಆದ್ದರಿಂದ ಓಣಿಯ ಹಿರಿಯರಲ್ಲಿ ನನ್ನ ವಿನಂತಿ ಇಷ್ಟೇ. ಚೇಷ್ಟೆಯನ್ನು ನಿಷೇಧಿಸುವ ಠರಾವು ಬೇಡ. ಚೇಷ್ಟೆ ಮಾಡಿದವನೇ ಮುಂದೆ ಬಂದು ಅದರ ಗಂಟು ಬಿಚ್ಚಬೇಕೆಂಬ ರೂಢಿಯನ್ನು ಹಾಕಿಕೊಡಿರಿ. ಮಾಡಿದ್ದು ಕೆಟ್ಟಾಗ ಕಂಬದ ಮರೆಗೆ ಸರಿಯದೆ, "ನಾನು ಮಾಡಿದೆ" ಎಂದು ಹೇಳುವ ಧೈರ್ಯವನ್ನು ಹುಡುಗರಿಗೆ ಕಲಿಸಿರಿ. ಮಾಡಿದ್ದನ್ನು ಶಿವನು ತಾನೇ ಸರಿಪಡಿಸಿದ. ಅಜ್ಜಿ ತಾನು ಮಾಡದಿದ್ದುದನ್ನೂ ಸರಿಪಡಿಸಿದಳು. ಮಂತ್ರ ಓದಿದ್ದ ನಾನು ಆ ಹೊತ್ತಿನಲ್ಲಿ ತಲೆ ಬಗ್ಗಿಸಿದೆ.

ಆ ದಂಪತಿಗಳು ಈಗ ಮೊಮ್ಮಕ್ಕಳನ್ನು ಕಂಡಿದ್ದಾರೆ. ನಾನು ಊಟ ಮುಗಿಸಿ ಕುಳಿತಿದ್ದ ಹಂದರ ಅವರ ಮೊಮ್ಮಗಳದೇ. ಆ ಮನೆಯಲ್ಲಿ ಇಂದಿಗೂ ಪೂಜೆಗೆ ಕಡ್ಡಿಪೆಟ್ಟಿಗೆ ಬೇಕಾದರೆ ನನ್ನನ್ನು ಕೇಳುವುದಿಲ್ಲ. "ಸ್ವಾಮ್ಯಾರ ಕೈಯಾಗ ಮಾತ್ರ ಕೊಡಬ್ಯಾಡ್ರಿ" ಎಂದು ಹೇಳಿ ನಗುತ್ತಾರೆ. ನಾನೂ ನಗುತ್ತೇನೆ.